ಗೆದ್ದಲು ಹಿಡಿಯದ ಬಾಗಿಲು

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಚನ್ನಗಿರಿಯ ಸಾಹುಕಾರರ ಮನೆ ಪಾಲಾದಾಗ, ಅದರ ಮಹಡಿಯನ್ನು ಉಚ್ಚಂಗಮ್ಮ ಟೀಚರ್ ಕೊಂಡರು. ಹಿಂದೆ ಅದು ಕಾಳುಕಡ್ಡಿ ತುಂಬುವ ಉಗ್ರಾಣ. ಅದನ್ನು ವಾಸದ ಮನೆ ಮಾಡಲು ಬಂದವನು ಕೆರೆಬಿಳಚಿಯ ಬಡಗಿ ಬೆನಕಪ್ಪ.

“ಇರೋದನ್ನ ಕಿತ್ತು ಬಿಸಾಕಬೇಡ್ರಿ. ತೊಲೆ, ಕಿಟಕಿ, ಬಾಗ್ಲು ಎಲ್ಲಾ ಉಳಿಸ್ಕಂಡೇ ಮಾಡ್ರಿ” ಎಂದಿದ್ದರು ಟೀಚರ್.

ಬೆನಕಪ್ಪ ಹಾಗೆಯೇ ಮಾಡಿದ. ಮಸಿ ಹಿಡಿದ ತೊಲೆಗಳನ್ನು ಉಜ್ಜಿದ. ಕಾಳಿನ ಪೆಟ್ಟಿಗೆಯ ಹಲಗೆಗಳಲ್ಲಿ ಪುಸ್ತಕದ ಕಪಾಟು ಮಾಡಿದ. ಆದರೆ ಮೆಟ್ಟಿಲ ತುದಿಯ ತೇಗದ ಬಾಗಿಲು ಕಂಡಾಗ ಅವನ ಮನಸ್ಸು ಜಾರಿತು. ಅವನ ಮನೆಗಿದ್ದದ್ದು ತಗಡಿನ ಬಾಗಿಲು.

“ಇದಕ್ಕೆ ಗೆದ್ದಲು ಹಿಡಿದೈತೆ ಮೇಡಂ. ಒಳಗೆಲ್ಲಾ ಪೊಳ್ಳು.”

ಟೀಚರ್ ಮುಖ ಸಪ್ಪಗಾಯಿತು. “ನೀವು ಹೇಳಿದ ಮೇಲೆ ಆಯ್ತು. ಒಯ್ರಿ, ಒಲೆಗಾದ್ರೂ ಆಗ್ಲಿ.”

ವಾರದೊಳಗೆ ಅದು ಕೆರೆಬಿಳಚಿಯಲ್ಲಿ ಅವನ ಮನೆಯ ಬಾಗಿಲಾಗಿ ನಿಂತಿತ್ತು.

ಕೆಲಸ ಮುಗಿಯುವ ದಿನ ಉಬ್ರಾಣಿಯಿಂದ ಟೀಚರ್ ತಾಯಿ ಮೂಕಮ್ಮ ಬಂದರು. ಮೆಟ್ಟಿಲು ಹತ್ತಿ, ಹೊಸ ಬಾಗಿಲ ಮುಂದೆ ನಿಂತು ಕೇಳಿದರು: “ಆ ಬಾಗ್ಲು ಎಲ್ಲೈತೆ ಮಗಾ?”

ಟೀಚರ್ ಬೆನಕಪ್ಪನತ್ತ ತಿರುಗಿದರು. “ಅವ್ವ ಈ ಮನೇಲಿ ಕೂಲಿ ಮಾಡಿದೋಳು. ಇಪ್ಪತ್ತು ವರ್ಷ ಆ ಬಾಗ್ಲ ಹೊರಗೇ ಮೂಟೆ ಇಳಿಸಿ ಹೋಗೋಳು. ನಮ್ಮ ಜನ ಒಳಗೆ ಕಾಲಿಡಂಗಿರ್ಲಿಲ್ಲ. ಅದನ್ನೇ ದಾಟಿ ಬರ್ಲಿ ಅಂತ ಆಸೆ ಇತ್ತು. ಗೆದ್ದಲು ತಿಂದ್ರೆ ನೀವೇನು ಮಾಡ್ತೀರಿ, ಬಿಡ್ರಿ.”

ಆ ಸಮಾಧಾನದ ಮಾತೇ ಅವನನ್ನು ಇರಿಯಿತು. ಮನೆಗೆ ಹೋದರೆ ಬಾಗಿಲು ಮುಟ್ಟಲು ಕೈ ಬರಲಿಲ್ಲ. ಹಿತ್ತಿಲಿನಿಂದ ಒಳಗೆ ಹೋದ. ಮೂರನೇ ದಿನ ಹೆಂಡತಿ ಕೊಲ್ಲಾಪುರಮ್ಮನಿಗೆ ಎಲ್ಲ ಹೇಳಿ ಬಾಗಿಲ ತಿರುಪು ಬಿಚ್ಚತೊಡಗಿದ. ಅವಳು ಇನ್ನೊಂದು ಕಡೆ ಹಿಡಿದಳು.

ಗಾಡಿಯಲ್ಲಿ ಬಾಗಿಲು ತಂದು ಅವನು ತಪ್ಪೊಪ್ಪಿಕೊಂಡಾಗ ಟೀಚರ್ ಅದರ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

“ಕೇಳಿದ್ರೆ ಬೇರೇದಾದ್ರೂ ಕೊಡ್ತಿದ್ದೆ. ಸುಳ್ಳು ಯಾಕ್ರೀ ಹೇಳಿದ್ರಿ?”

ಬೆನಕಪ್ಪ ಹೊಸ ಬಾಗಿಲನ್ನು ಬಿಚ್ಚಿಟ್ಟ. ಹಳೆಯದನ್ನು ಅದರ ಜಾಗದಲ್ಲಿ ಕೂರಿಸಿದ. ಮೂಕಮ್ಮ ಹೊರಗೆ ಹೋಗಿ ನಿಂತು, ಎರಡೂ ಕೈಯಿಂದ ಅದನ್ನು ತಳ್ಳಿ ಒಳಗೆ ಬಂದರು. ಆಮೇಲೆ ಅವನಿಗೊಂದು ಚೊಂಬು ನೀರು ತಂದರು. “ಕುಡೀರಿ, ಬಿಸ್ಲಾಗೆ ಬಂದೀರಿ.”

ಅವನು ತಲೆ ಎತ್ತದೆ ಕುಡಿದ.

ಟೀಚರ್ ಮತ್ತೆ ಅವನಿಗೆ ಕೆಲಸ ಹೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮಾತ್ರ “ಮನೇಲಿ ಎಲ್ಲಾ ಹೆಂಗಿದಾರೆ?” ಎಂದು ಕೇಳುತ್ತಿದ್ದರು. “ಚೆನ್ನಾಗಿದಾರೆ” ಎನ್ನುತ್ತಾ ಅವನು ಹೆಗಲ ಚೀಲ ಕೆಳಗಿಟ್ಟು ಕೈ ಮುಗಿಯುತ್ತಿದ್ದ.