ಮೆಟ್ಟಿಲ ಪೆಟ್ಟಿಗೆಯ ಮೇಲಿನ ಕೆಂಪು ಪೊಟ್ಟಣ

ಚಿಯಾಯಿ ಊರಿನ ಷೇರು ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕುರ್ಚಿಗಳು ತುಂಬಿಬಿಡುತ್ತಿದ್ದವು. ಕಿಟಕಿಯ ಪಕ್ಕದ್ದು ದರ್ಜಿ ಲಿಯೆನ್‌ಛಿಯದು. ಅವಳು ಯಾರ ಮಾತಿಗೂ ಬಾಯಿ ಹಾಕದೆ, ಗೋಡೆಯ ಷೇರು ದರದ ಹಲಗೆಯಲ್ಲಿ ಚಾಂಗ್‌ಹೆ ದೂರವಾಣಿ ಕಂಪನಿಯ ಸಾಲನ್ನಷ್ಟೇ ನೋಡುತ್ತ ಕೂರುತ್ತಿದ್ದಳು.

ಚಾಂಗ್‌ಹೆ ಹೊಸದಾಗಿ ಒಂದು ಉಪಗ್ರಹ ಕಂಪನಿಯ ಜೊತೆ ಸೇರಿಕೊಂಡಿತ್ತು. ಇನ್ನು ಟವರ್ ಇಲ್ಲದ ಬೆಟ್ಟದಲ್ಲೂ ಫೋನು ಸಿಗುತ್ತದಂತೆ. ಆ ದಿನ ಹತ್ತು ಗಂಟೆಗೆ ಮೊದಲ ಪರೀಕ್ಷೆ. ಇದೆಲ್ಲ ದುಡ್ಡು ಸುಡುವ ಕೆಲಸ, ಈಗಲೇ ಮಾರಿ ಕೈತೊಳೆದುಕೊಳ್ಳಿ ಎಂದು ನಿವೃತ್ತ ಮೇಷ್ಟ್ರು ಗುವೋ ಮಾಮ ವಾದಿಸಿದರು. ಮೀನು ಮಾರುವ ಸುಯೇ ಅಕ್ಕ ಬಿಡಲಿಲ್ಲ. "ಹೋದ ವರ್ಷ ನಿಮ್ಮ ಮಾತು ಕೇಳಿ ಮಾರ್ದೆ ಮಾಮ. ಮಾರಿದ ಮಾರನೇ ದಿನವೇ ಏರ್ತು. ಇವತ್ತು ನೀವು ಸುಮ್ನಿದ್ರೆ ಅದೇ ಪುಣ್ಯ."

ಲಿಯೆನ್‌ಛಿ ಲಾಭಕ್ಕೆಂದು ಷೇರು ಕೊಂಡವಳಲ್ಲ. ಮೂರು ವರ್ಷದ ಹಿಂದೆ ಬೆಟ್ಟ ಹತ್ತಲು ಹೋದ ಅವಳ ತಮ್ಮ ಝೂಹಾವ್ ಇಳಿದು ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನ ಕೊನೆಯ ಕರೆ 'ಅಕ್ಕಾ' ಎನ್ನುವಷ್ಟರಲ್ಲಿ ಕಡಿದುಹೋಗಿತ್ತು. ಮುಂದೆ ಏನು ಹೇಳಹೊರಟಿದ್ದ ಎಂಬುದೊಂದು ಅವಳಿಗೆ ತಿಳಿಯಬೇಕಿತ್ತು. ಅದಕ್ಕೇ ಚಾಂಗ್‌ಹೆಯಲ್ಲಿದ್ದ ಅವನ ನಂಬರಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಉಳಿಸಿಕೊಂಡು, ಅದೇ ಕಂಪನಿಯ ಷೇರನ್ನೂ ಕೊಂಡಿದ್ದಳು.

ಆ ಹೊಸ ಫೋನು ಜಾಲದ ಯಂತ್ರದ ಪೆಟ್ಟಿಗೆಯೊಂದನ್ನು ಅದೇ ಕಟ್ಟಡದ ಮೆಟ್ಟಿಲ ಬಳಿ ಕೂರಿಸಿದ್ದರು. ಎಲ್ಲ ಯಂತ್ರಗಳಿಗೂ ಇಡುವ ಹಾಗೆ, ಕಂಪನಿಯ ಇಂಜಿನಿಯರ್ ವೂ ಅದರ ತಲೆಯ ಮೇಲೂ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಿದ್ದರು. ಹಸಿರಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಆದರೆ ಅಲ್ಲಿಯ ಷೇರು ಹಲಗೆಯಲ್ಲಿ ಹಸಿರೆಂದರೆ ಇಳಿತ, ಕೆಂಪೆಂದರೆ ಏರಿಕೆ. ಬೆಳಿಗ್ಗೆ ಬರುವಾಗಲೇ ಹಸಿರು ಕಂಡು ಸುಯೇ ಅಕ್ಕನಿಗೆ ಅಪಶಕುನವೆನಿಸಿತ್ತು. ಯಾರಿಗೂ ಹೇಳದೆ ಅದನ್ನು ತೆಗೆದು ಕೆಂಪು ಪೊಟ್ಟಣ ಇಟ್ಟು ಬಂದಿದ್ದಳು.

ಹತ್ತು ಹೊಡೆಯಿತು. ಚಾಂಗ್‌ಹೆ ಸಾಲು ಕೆಂಪಾಗಿ ಏರತೊಡಗಿತು. ಸುಯೇ ಅಕ್ಕ ನಗುತ್ತ ತನ್ನ ಗುಟ್ಟು ಬಿಟ್ಟುಕೊಟ್ಟಳು. ಅಷ್ಟರಲ್ಲಿ ಲಿಯೆನ್‌ಛಿಯ ಮಡಿಲಲ್ಲಿದ್ದ ಫೋನು ಅದುರಿತು. ಪರದೆಯ ಮೇಲೆ ತಮ್ಮನ ಹೆಸರು.

ಅವಳು ಮೆಟ್ಟಿಲಿಗೆ ಓಡಿ ಫೋನು ಕಿವಿಗಿಟ್ಟಳು.

"ಅಕ್ಕಾ, ಇವತ್ತು ಬರೋದು ತಡ ಆಗುತ್ತೆ. ಊಟಕ್ಕೆ ಕಾಯ್ಬೇಡ."

ಅಷ್ಟೇ. ಮೂರು ವರ್ಷ ಅವಳನ್ನು ಮಲಗಗೊಡದ ಮಾತು ಇಷ್ಟೇ ಆಗಿತ್ತು. ಅವಳು ಗೋಡೆಗೆ ಒರಗಿದಳು. "ಎಲ್ಲಿದೀಯೋ?" ಎಂದಳು.

"ಇಡ್ತೀನಿ ಅಕ್ಕಾ. ಇಲ್ಲಿ ಸಾಲು ಉದ್ದ ಇದೆ. ಫೋನು ಒಂದೇ. ಹಿಂದಿನೋರಿಗೆ ಕೊಡ್ಬೇಕು."

ಕರೆ ನಿಂತಿತು. ಒಳಗೆ ಗುವೋ ಮಾಮನ ಫೋನು ಬಡಿದುಕೊಳ್ಳತೊಡಗಿತು. ಮಾಮ ಪರದೆ ನೋಡಿದರು. ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯ ಹೆಸರು ಹೇಳಿ ಮೆಲ್ಲಗೆ ಎದ್ದು ನಿಂತರು.

ಆಗ ವೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಹಸಿರು ಪೊಟ್ಟಣ. "ಯಾರ್ರೀ ಇದನ್ನ ಬದಲಾಯಿಸಿದ್ದು? ಕೆಂಪಿಟ್ರೆ ಯಂತ್ರ ಅಡ್ಡದಾರಿ ಹಿಡಿಯುತ್ತೆ. ಸರೀರಿ."

ಲಿಯೆನ್‌ಛಿಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಅವಳು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು.

"ಅಲ್ಲಿ ಸಾಲು ಇನ್ನೂ ಮುಗಿದಿಲ್ಲ ಸಾರ್," ಎಂದಳು.