ಮಾವನ ಎಡಗೈ, ಸೊಸೆಯ ಟೇಪು

ಫಿಟ್ಟರ್ ಕಿಟಕಿಯನ್ನೊಮ್ಮೆ ನೋಡಿದ, ನೆಲದ ಮೇಲೆ ಕೂತಿದ್ದ ಏಸಿಯನ್ನೊಮ್ಮೆ ನೋಡಿದ, ಆಮೇಲೆ ತನ್ನ ಚಪ್ಪಲಿ ಎಲ್ಲಿ ಬಿಟ್ಟಿದ್ದೆನೆಂದು ಹುಡುಕತೊಡಗಿದ.

“ಆಗಲ್ಲ ಮೇಡಂ. ಹೊರಗಡೆ ಕಾಲಿಡೋಕೆ ಅಂಗೈ ಅಗಲ ಜಾಗ ಇಲ್ಲ. ಕೆಳಗೆ ಓಣಿ ಬೇರೆ. ಜಾರಿದ್ರೆ ಯಾರ ತಲೆ ಮೇಲೋ! ಗೋಡೆ ಒಡೆಸಿ ಮುಂದಿನ ಕಡೆ ಜಾಗ ಮಾಡಿದ್ರೆ ಹೇಳಿ, ಬರ್ತೀನಿ.”

ಕೊಟ್ಟ ಟೀಯನ್ನೂ ಅರ್ಧಕ್ಕೇ ಬಿಟ್ಟು ಹೊರಟೇಹೋದ.

ಟೇಪಕ್ಕ ಆ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಹೊಲಿಗೆ ಅವಳ ಕಸುಬು. ಮುಂದಿನ ಕೋಣೆಯಲ್ಲಿ ಮಿಷನ್ನು, ಮೂಲೆಯಲ್ಲಿ ಬಟ್ಟೆಯ ಗುಡ್ಡ. ಊಟಕ್ಕೆ ಕೂತಾಗಲೂ ಅಳತೆಯ ಟೇಪು ಕೊರಳಲ್ಲೇ ಜೋತಾಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಈಗ ಗಂಡನ ಫೋನಿನಲ್ಲೂ ಅದೇ ಹೆಸರು. ಅವಳು ಬಟ್ಟೆ ಸರಿಮಾಡಿಕೊಡುತ್ತಿದ್ದ ರೆಡಿಮೇಡ್ ಅಂಗಡಿಯವರು ಜಾಗ ಬದಲಿಸುವಾಗ, “ಹೊಸ ಅಂಗಡೀಲಿ ಕಿಟಕೀನೇ ಇಲ್ಲ, ನಿಮ್ಮನೇಲಾದ್ರೂ ಇರಲಿ” ಎಂದು ಈ ಏಸಿಯನ್ನು ಗಾಡಿಗೆ ಹಾಕಿಸಿ ಕಳಿಸಿದ್ದರು.

ಅದು ಬೇಕಾಗಿದ್ದುದು ಹಿಂದಿನ ಕೋಣೆಯಲ್ಲಿ ಮಲಗಿದ್ದ ಮಾವನಿಗೆ. ನಲವತ್ತು ವರ್ಷ ಬಂದರಿನಲ್ಲಿ ಕ್ರೇನ್ ಓಡಿಸಿದವರು. ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹೂವಿನ ಬುಟ್ಟಿಯಂತೆ ಎತ್ತಿ ಇಳಿಸಿದವರು. ಆರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು, ಮಾತು ತೊದಲಿತು. ಒಂದು ಮಾತಿಗೆ ಇನ್ನೊಂದು ಬಾಯಿಗೆ ಬಂದು ಎದುರಿನವರು ಮಿಕಮಿಕ ನೋಡುವಾಗ ಅವರಿಗೆ ಅವಮಾನವಾಗುತ್ತಿತ್ತು. ಕ್ರಮೇಣ ಬಾಯಿ ಮುಚ್ಚಿಯೇ ಬಿಟ್ಟರು, ಊರುಗೋಲು ಹಿಡಿದು ಬಚ್ಚಲಿಗೆ ಹೋಗಿಬರುವುದು ಬಿಟ್ಟರೆ ಮಂಚ ಬಿಟ್ಟು ಏಳುತ್ತಲೂ ಇರಲಿಲ್ಲ. ಕೋಣೆ ಪಶ್ಚಿಮಕ್ಕಿತ್ತು. ಮಧ್ಯಾಹ್ನ ಮೂರಕ್ಕೆ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ದಿನಕ್ಕೆ ಮೂರು ಸಲ ಹಾಸಿಗೆಯ ಬಟ್ಟೆ ಬದಲಿಸಬೇಕು. ಡಾಕ್ಟರಂತೂ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಇವರಿಗೆ ಸೆಕೆ ತಾಗಬಾರದು.

ಗಂಡ ಲಾರಿಯ ಜೊತೆ ದೂರದ ದಾರಿಯಲ್ಲಿದ್ದ. “ನಾನು ಬರೋವರೆಗೂ ಅದನ್ನ ಮುಟ್ಟಬೇಡ, ಹತ್ತು ದಿನ ತಾನೇ” ಎಂದ ಫೋನಿನಲ್ಲಿ.

“ಹತ್ತು ದಿನ ನೀನು ಆ ಕೋಣೇಲಿ ಮಲಗಿ ನೋಡು” ಎಂದಳು ಟೇಪಕ್ಕ. ಲೋಟ ಕೆಳಗಿಟ್ಟು ಕೊರಳಿನ ಟೇಪು ಎಳೆದಳು.

ಕಿಟಕಿಗೆ ಎರಡು ಭಾಗ. ಎಡಭಾಗದ ಅಗಲ ಇಪ್ಪತ್ತೇಳು ಇಂಚು, ಏಸಿಯದು ಇಪ್ಪತ್ತಾರು. ಎತ್ತರದಲ್ಲಿ ಬೇಕಾದಷ್ಟು ಜಾಗ. ಕಂಬಿಗಳ ಚೌಕಟ್ಟು ಎಂಟು ಸ್ಕ್ರೂಗಳ ಮೇಲೆ ನಿಂತಿತ್ತು, ಬಿಚ್ಚಿದರೆ ಬರುತ್ತದೆ. ಗೋಡೆ ಒಡೆಯುವ ಮಾತೇ ಇರಲಿಲ್ಲ. ಉಳಿದದ್ದು ಒಂದೇ ತಾಪತ್ರಯ. ಭಾರವೆಲ್ಲ ಏಸಿಯ ಹಿಂಭಾಗದಲ್ಲಿ, ಆ ಹಿಂಭಾಗ ಇರಬೇಕಾದದ್ದು ಹೊರಗೆ. ಅದನ್ನು ಹೊರುವ ಕಬ್ಬಿಣದ ಸ್ಟ್ಯಾಂಡನ್ನು ಹೊರಗೋಡೆಗೆ, ಹೊರಗೆ ಯಾರೂ ನಿಲ್ಲದೆ, ಬಿಗಿಯುವುದು ಹೇಗೆ?

ಸಂಜೆ ಒಂದು ಕೋಟಿಗೆ ಗುಂಡಿ ಹಾಕುತ್ತಿದ್ದಳು. ದಪ್ಪ ಬಟ್ಟೆ ಹರಿಯದಿರಲೆಂದು ಒಳಗಡೆಯಿಂದ ಇನ್ನೊಂದು ಪುಟ್ಟ ಗುಂಡಿ ಕೊಟ್ಟು ಹೊಲಿಯುವುದು ಅವಳ ರೂಢಿ. ಸೂಜಿ ಅರ್ಧದಲ್ಲೇ ನಿಂತಿತು. ಬೋಲ್ಟುಗಳನ್ನು ಸ್ಟ್ಯಾಂಡಿಗೇ ಬೆಸೆದುಬಿಟ್ಟರೆ? ಅವನ್ನು ಹೊರಗಿನಿಂದ ಗೋಡೆಯ ತೂತುಗಳಿಗೆ ತೂರಿಸಿ, ಒಳಗಡೆ ಅಗಲವಾದ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿದರೆ? ಕೆಲಸವೆಲ್ಲ ಒಳಗೇ ನಿಂತು ಮುಗಿಯುತ್ತದೆ!

ಕಾಗದದ ಮೇಲೆ ಬರೆದು ಮಾವನ ಮುಂದೆ ಹಿಡಿದಳು. ಹಿಡಿಯುವಾಗ ಒಳಗೊಳಗೇ ಅಳುಕು. ಮದುವೆಯಾಗಿ ಹನ್ನೆರಡು ವರ್ಷ. “ಕೂತಲ್ಲೇ ಮಾಡೋದೂ ಒಂದು ಕೆಲಸವಾ” ಎಂದು ಅವಳ ಹೊಲಿಗೆಯ ಬಗ್ಗೆ ಅವರು ಎಷ್ಟು ಸಲ ಅಂದಿದ್ದರೋ. ಮಾವ ಚಿತ್ರವನ್ನು ಬಹಳ ಹೊತ್ತು ನೋಡಿದರು. ಎಡಗೈ ಬೆರಳನ್ನು ಕಾಗದದ ಮೇಲೆ ಇಟ್ಟು, ಸ್ಟ್ಯಾಂಡಿನ ಕೆಳಗೆ ಗೋಡೆಯವರೆಗೆ ಓರೆಯಾಗಿ ಎಳೆದರು. ಆಸರೆಯ ಕಾಲು ಬೇಕು. ಅವಳು ಅದನ್ನು ಮರೆತೇಬಿಟ್ಟಿದ್ದಳು.

“ಹೌದಲ್ವಾ ಮಾವ! ಎರಡೂ ಕಡೆ ಹಾಕಿಸ್ತೀನಿ” ಎಂದಳು. ಮಾವ ತಲೆಯಾಡಿಸಿದರು. ಆರು ತಿಂಗಳಲ್ಲಿ ಮೊದಲ ಸಲ ಎರಡು ದಿಂಬು ಕೊಡಿಸಿಕೊಂಡು ನೆಟ್ಟಗೆ ಕೂತರು.

ವೆಲ್ಡಿಂಗಿನವನು ಮೂರು ದಿನದಲ್ಲಿ ಸ್ಟ್ಯಾಂಡು ಮಾಡಿಕೊಟ್ಟ, ಮನೆಗೆ ಬಂದು ಒಳಗಿನಿಂದಲೇ ಗೋಡೆಗೆ ನಾಲ್ಕು ತೂತು ಕೊರೆದುಕೊಟ್ಟ. ಭಾನುವಾರ ಬೆಳಿಗ್ಗೆ ನಾದಿನಿ ಬಂದಳು. ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಎತ್ತುವವಳು, ತೋಳು ನೋಡಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಅತ್ತೆ ಕುರ್ಚಿ ಹೊತ್ತುಕೊಂಡು ಓಣಿಗೆ ಇಳಿದರು. ಓಣಿಯ ಎರಡೂ ಬಾಯಿಗೆ ಹಗ್ಗ ಕಟ್ಟಿ, ಒಂದು ಕಡೆ ಕೊಡೆ ಬಿಚ್ಚಿಕೊಂಡು ಕೂತು, ಬಂದವರನ್ನೆಲ್ಲ ಅಟ್ಟತೊಡಗಿದರು.

“ಸುತ್ತಿಕೊಂಡು ಹೋಗಿ! ತಲೆ ಬೇಕೋ ಬೇಡವೋ?”

ಸಣ್ಣ ದನಿಯ ಹೆಂಗಸು ಎಂದೇ ಬೀದಿ ಅವರನ್ನು ಇಷ್ಟು ದಿನ ತಿಳಿದಿತ್ತು.

ಮೇಲೆ, ಟೇಪಕ್ಕ ಕಂಬಿ ಬಿಚ್ಚಿ ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ಮಾವ ಮಂಚದ ಅಂಚನ್ನು ಪಟಪಟ ಬಡಿದರು. ಹಗ್ಗ ತೋರಿಸಿದರು, ಅವಳ ಸೊಂಟ ತೋರಿಸಿದರು, ಆಮೇಲೆ ಬಾಗಿಲಾಚೆಯ ಕಂಬ ತೋರಿಸಿದರು. ಅರ್ಥವಾಯಿತು. ಅವಳು ಸೊಂಟಕ್ಕೆ ಹಗ್ಗ ಸುತ್ತಿ ಕಂಬಕ್ಕೆ ಬಿಗಿದಳು, ನಾದಿನಿಗೂ ಕಟ್ಟಿದಳು. ಸ್ಟ್ಯಾಂಡಿಗೆ ಎರಡು ಹಗ್ಗ. ಮಾವ ಗಂಟನ್ನು ಎಳೆದು ನೋಡಿ, ಮೂಗು ಮುರಿದು, ಒಂದನ್ನು ಬಿಚ್ಚಿಸಿ ಮತ್ತೆ ಹಾಕಿಸಿದರು.

ಸ್ಟ್ಯಾಂಡು ಕಿಟಕಿಯಾಚೆ ಹೋಗಿ ಹಗ್ಗದಲ್ಲಿ ತೂಗಾಡಿತು. ಬೋಲ್ಟುಗಳು ತೂತಿನ ಬಾಯಿಗೆ ಸಿಗುತ್ತಿಲ್ಲ. “ಅತ್ತಿಗೆ, ಎಡಕ್ಕೆ!” “ಯಾರ ಎಡಕ್ಕೆ?” “ನಿನ್ನ ಎಡಕ್ಕೆ!” “ನನ್ನ ಎಡ ನಿನ್ನ ಬಲ ಕಣೇ!” ಇಬ್ಬರೂ ಕಿರುಚಾಡುತ್ತಿರುವಾಗ ಮಂಚದ ಕಡೆಯಿಂದ ಜೋರಾಗಿ ಶಿಳ್ಳೆ ಕೇಳಿಸಿತು. ತಿರುಗಿ ನೋಡಿದರೆ ಮಾವ! ನಾಲಿಗೆ ತೊದಲಿದರೂ ಶಿಳ್ಳೆ ತೊದಲಿರಲಿಲ್ಲ. ಎಡಗೈ ಎತ್ತಿ, ತೋರುಬೆರಳನ್ನು ಮೇಲ್ಮುಖವಾಗಿ ಸಣ್ಣಗೆ ತಿರುಗಿಸಿದರು: ಎತ್ತಿ. ಹೆಬ್ಬೆರಳು ಪಕ್ಕಕ್ಕೆ: ಆ ಕಡೆ. ಎರಡು ಬೆರಳ ನಡುವೆ ಕೂದಲೆಳೆಯಷ್ಟು ಸಂದು: ಇಷ್ಟೇ. ಅಂಗೈ ಚಪ್ಪಟೆ ಮಾಡಿ ಮುಂದೆ ಚಾಚಿದರು: ನಿಲ್ಲಿ.

ನಲವತ್ತು ವರ್ಷ ಎತ್ತರದ ಕ್ಯಾಬಿನ್ನಿನಲ್ಲಿ ಕೂತು ಕೆಳಗಿನವರ ಕೈಸನ್ನೆ ನೋಡಿ ಭಾರ ಆಡಿಸಿದವರು, ಈಗ ತಾವೇ ಕೆಳಗಿನವರಾಗಿದ್ದರು. ಟೇಪಕ್ಕ ಮಾತು ನಿಲ್ಲಿಸಿ ಆ ಕೈಯನ್ನೇ ನೋಡಿದಳು. ಎತ್ತು. ಪಕ್ಕಕ್ಕೆ. ಇಷ್ಟೇ. ನಿಲ್ಲು. ನಾಲ್ಕು ಬೋಲ್ಟುಗಳು ಒಟ್ಟಿಗೆ ಗೋಡೆಯಿಂದ ಒಳಗೆ ಮೂತಿ ಚಾಚಿದವು. ಪಟ್ಟಿ ಕೊಟ್ಟು ನಟ್ಟು ಬಿಗಿದರು. ನಾದಿನಿ ಹಗ್ಗ ಸಡಿಲಿಸದೆ, ಕೈಯೂರಿ ಭಾರ ಬಿಟ್ಟು ನೋಡಿದಳು. ಸ್ಟ್ಯಾಂಡು ಮಿಸುಕಲಿಲ್ಲ.

“ಈಗ ಏಸಿ ಎತ್ತೋಣ” ಎಂದು ಅವಳು ಸೆರಗು ಸಿಕ್ಕಿಸಿದಳು.

“ತಡಿ. ಇಡೀದು ಯಾಕೆ ಎತ್ತಬೇಕು?” ಎಂದಳು ಟೇಪಕ್ಕ. ಅದರ ಪುಸ್ತಕವನ್ನು ಅವಳು ಮೂರು ಸಲ ಓದಿದ್ದಳು. ಮುಂದಿನ ಮುಚ್ಚಳ ತೆಗೆದು ಸ್ಕ್ರೂ ಬಿಚ್ಚಿದರೆ ಒಳಗಿನ ಯಂತ್ರವೆಲ್ಲ ಡ್ರಾಯರಿನ ಹಾಗೆ ಈಚೆ ಬರುತ್ತದೆ. ಬರೀ ತಗಡಿನ ಡಬ್ಬವನ್ನು ಮೊದಲು ಕೂರಿಸಿ ಬೋಲ್ಟು ಹಾಕಿಬಿಟ್ಟರೆ, ಆಮೇಲೆ ಯಂತ್ರ ಹೊರಗೆ ಬೀಳುವ ಪ್ರಶ್ನೆಯೇ ಇಲ್ಲ, ಒಳಗೆ ತಳ್ಳಿದರಾಯಿತು.

ಡಬ್ಬ ಕೂತಿತು. ಟೇಪಕ್ಕ ಅರ್ಧ ನೀರು ತುಂಬಿದ ಬಾಟಲಿಯನ್ನು ಅದರ ಮೇಲೆ ಅಡ್ಡ ಮಲಗಿಸಿದಳು. ನೀರು ಗೆರೆ ಎಳೆದ ಹಾಗೆ ಸಮ. ಅವಳು ಮಡಚಿದ ಅಂಚು ಎಂದಾದರೂ ಓರೆಯಾದದ್ದುಂಟೆ? ಹೆಮ್ಮೆಯಿಂದ ಮಾವನ ಕಡೆ ನೋಡಿದಳು.

ಅವರು ತಲೆ ಅಲ್ಲಾಡಿಸುತ್ತಿದ್ದರು. ಬೇಡ, ಬೇಡ. ಅಂಗೈಯನ್ನು ಕಿಟಕಿಯ ಕಡೆ ಒಂದಿಷ್ಟು ಬಾಗಿಸಿದರು. ಬಾಯಿ ತೆರೆದರು. “ನೀ… ನೀ…” ಮುಖ ಕೆಂಪಾಯಿತು.

ಟೇಪಕ್ಕ ಅವಸರ ಮಾಡಲಿಲ್ಲ.

“ನೀರು. ಹೊ… ಹೊರಗೆ.”

ಅಯ್ಯೋ! ತಣ್ಣಗಾಗುವಾಗ ಏಸಿಯೊಳಗೆ ನೀರು ಕೂಡುತ್ತದೆ. ಸಮವಾಗಿದ್ದರೆ ಅದು ಒಳಗೇ ತೊಟ್ಟಿಕ್ಕಿ ಮಾವನ ಮಂಚವೇ ಕೆರೆಯಾಗುತ್ತಿತ್ತು. ಪುಸ್ತಕದಲ್ಲಿದ್ದ ಆ ಸಾಲನ್ನು ಓದಿಯೂ ಮರೆತಿದ್ದಳು. ಒಳಗಿನ ಅಂಚಿನ ಕೆಳಗೆ ರಬ್ಬರ್ ತುಂಡು ಕೊಟ್ಟು, ಹೊರಭಾಗ ಅರ್ಧ ಬೆರಳಿನಷ್ಟು ತಗ್ಗಿಸಿ, ಬೋಲ್ಟು ಮತ್ತೆ ಬಿಗಿದಳು.

ಆಮೇಲೆ ಯಂತ್ರ. ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ ಎತ್ತುವುದನ್ನು ನಾದಿನಿ ತೋರಿಸಿಕೊಟ್ಟಳು. “ಒಂದು, ಎರಡು…” ಮೂರು ಅನ್ನಲಿಲ್ಲ. ಇಬ್ಬರ ಕಣ್ಣೂ ಮಾವನ ಬೆರಳಿನ ಮೇಲಿತ್ತು. ಬೆರಳು ತಿರುಗಿತು, ಯಂತ್ರ ಎದ್ದಿತು. ಅಂಗೈ ಮುಂದೆ ಜಾರಿತು, ಯಂತ್ರ ಡಬ್ಬದೊಳಗೆ ಜಾರಿತು. ಕಟಕ್! ಓಣಿಯಿಂದ ಅತ್ತೆ ಕೂಗಿದರು: “ಬಿತ್ತಾ?”

“ಕೂತ್ಕೊಳ್ತು ಅತ್ತೆ, ಕೂತ್ಕೊಳ್ತು!”

ಸುತ್ತ ಉಳಿದ ಸಂದಿಗೆ ಏನು ತುಂಬುವುದು? ಟೇಪಕ್ಕ ಮಂಚದ ಅಡಿಯಿಂದ ಒಂದು ಚೀಲ ಎಳೆದಳು. ಈಗ ಯಾರೂ ಹಾಕಿಸಿಕೊಳ್ಳದ, ರವಿಕೆ ಕೋಟುಗಳ ಹೆಗಲಿಗೆ ಇಡುವ ಸ್ಪಂಜಿನ ತುಂಡುಗಳು, ನೂರಾರು. ಅವನ್ನು ಸಂದಿಯಲ್ಲೆಲ್ಲ ಒತ್ತೊತ್ತಾಗಿ ತುರುಕಿ ಮೇಲೆ ಅಂಟುಪಟ್ಟಿ ಹಚ್ಚಿದಳು. ಉಳಿದ ಅರ್ಧ ಕಿಟಕಿಗೆ ಬಿಳಿ ಒಳಬಟ್ಟೆ ಕೊಟ್ಟ ದಪ್ಪ ಪರದೆ. “ಏಸಿಗೂ ಹೆಗಲು ಬಂತು” ಎಂದು ನಾದಿನಿ ನಕ್ಕಳು.

ಅತ್ತೆ ಮೇಲೆ ಬಂದವರೇ ಇಸ್ತ್ರಿಪೆಟ್ಟಿಗೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಮುಂದೆ ಹಿಡಿದರು. “ಹಾಕು ಮತ್ತೆ, ಏನು ನೋಡ್ತಾ ಇದ್ದೀಯ?”

“ಇದಕ್ಕೆ ಹಾಕಿದ್ರೆ ವೈರ್ ಕರಗಿ ಹೋಗುತ್ತೆ ಅತ್ತೆ. ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ನೋಡಲಿ, ಆಮೇಲೆ.”

“ಇಷ್ಟೆಲ್ಲ ಮಾಡಿ ಈಗ ಕಾಯ್ಬೇಕಾ? ಅವರು ಬೆವರಲ್ಲಿ ಸ್ನಾನ ಮಾಡ್ತಿದ್ದಾರೆ!”

“ಇನ್ನೊಂದು ದಿನ ಅತ್ತೆ. ಬಟ್ಟೆಗಾದ್ರೆ ಹೊಲಿಗೆ ಬಿಚ್ಚಬಹುದು. ಇದಕ್ಕೆ ಬೆಂಕಿ ಬಿದ್ರೆ?”

ಅತ್ತೆ ಗಂಡನ ಕಡೆ ತಿರುಗಿದರು, ನ್ಯಾಯಕ್ಕೆ. ಮಾವ ಎಡಗೈಯನ್ನು ಸೊಸೆಯ ಕಡೆ ಚಾಚಿದರು. ಅವಳು ಹೇಳಿದ ಹಾಗೆ.

ಮರುದಿನ ಬಂದ ಎಲೆಕ್ಟ್ರಿಷಿಯನ್ ಕೋಣೆಯ ಪ್ಲಗ್ ಬಿಚ್ಚಿ ಒಳಗೆ ಇಣುಕಿ ನೋಡಿ ಹಣೆ ಉಜ್ಜಿಕೊಂಡ. “ಅಕ್ಕ, ಇದಕ್ಕೆ ಅರ್ಥಿಂಗೇ ಕೊಟ್ಟಿಲ್ಲ. ಮೂರನೇ ತೂತು ಬರೀ ಅಲಂಕಾರಕ್ಕೆ. ನಿನ್ನೆ ಹಾಕಿದ್ದಿದ್ರೆ, ಆಮೇಲೆ ಯಾರಾದ್ರೂ ಒದ್ದೆ ಕೈಲಿ ಆ ಡಬ್ಬ ಮುಟ್ಟಿದ್ರೆ…” ಅತ್ತೆ ಎಕ್ಸ್‌ಟೆನ್ಷನ್ ಬಾಕ್ಸನ್ನು ಸೆರಗಿನ ಹಿಂದೆ ಮರೆಮಾಡಿದರು. ಅವನು ಮೇನ್ ಬೋರ್ಡಿನಿಂದಲೇ ದಪ್ಪ ವೈರ್ ಎಳೆದು, ಅರ್ಥಿಂಗ್ ಕೊಟ್ಟು, ದೊಡ್ಡ ಪ್ಲಗ್ಗನ್ನೂ ಏಸಿಗೆಂದೇ ಬೇರೆ ಸ್ವಿಚ್ಚನ್ನೂ ಹಾಕಿ, ಎರಡೆರಡು ಸಲ ಪರೀಕ್ಷಿಸಿದ.

ಮಧ್ಯಾಹ್ನ ಮೂರು ಗಂಟೆ. ಗೋಡೆ ಕಾದು ಕೆಂಡ. ಟೇಪಕ್ಕ ಗುಂಡಿ ಒತ್ತಿದಳು. ಯಂತ್ರ ಒಮ್ಮೆ ಗುರುಗುಟ್ಟಿತು, ನಡುಗಿತು, ಆಮೇಲೆ ಒಂದೇ ಶ್ರುತಿಗೆ ನಿಂತಿತು. ಮೊದಲು ಬಂದದ್ದು ಹಳೆಯ ಅಂಗಡಿಯ ವಾಸನೆ, ಹಿಂದೆಯೇ ಗಾಳಿ. ಆಮೇಲೆ, ದೇವರೇ, ತಂಪು! ಹೊರಗೆ ಓಣಿಗೆ ನೀರಿನ ಮೊದಲ ಹನಿ ಟಪ್ ಎಂದು ಬಿತ್ತು. ಒಳಗೆ ಒಂದು ತೊಟ್ಟೂ ಇಲ್ಲ. ರಜೆ ಹಾಕಿ ಉಳಿದಿದ್ದ ನಾದಿನಿ ಶಿಳ್ಳೆ ಹೊಡೆದಳು. ಅತ್ತೆ ಏಸಿಯ ಮುಂದೆಯೇ ನಿಂತು ಕಣ್ಣು ಮುಚ್ಚಿದರು. “ಇಪ್ಪತ್ತಾರರಲ್ಲಿ ಇಟ್ಟು ಫ್ಯಾನೂ ಹಾಕಿ ಅಕ್ಕ, ಕರೆಂಟೂ ಉಳಿಯುತ್ತೆ. ಫಿಲ್ಟರನ್ನ ಎರಡು ವಾರಕ್ಕೊಮ್ಮೆ ತೊಳೀರಿ” ಎಂದ ಎಲೆಕ್ಟ್ರಿಷಿಯನ್, ಹೋಗಲು ಮನಸ್ಸಿಲ್ಲದೆ ಅಲ್ಲೇ ಗೋಡೆಗೊರಗಿ.

ಅರ್ಧ ಗಂಟೆ ಕಳೆದಿರಬೇಕು. ಮಾವ ಸೊಸೆಯನ್ನು ಕೈಸನ್ನೆಯಿಂದ ಹತ್ತಿರ ಕರೆದರು. ಅವಳು ಬಗ್ಗಿದಳು.

“ಹೊ… ಹೊದಿಕೆ.”

“ಏನು ಮಾವ?”

“ಚಳಿ!” ಎಂದರು ಮಾವ ಗಟ್ಟಿಯಾಗಿ, ಒಂದಿಷ್ಟೂ ತೊದಲದೆ, ಸಿಟ್ಟಿನಿಂದಲೇ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು, ಬಾಯಿಯ ಒಂದು ಬದಿಯಿಂದ. ಹೊದಿಕೆ ಹೊದಿಸುವಾಗ ಅವರು ಅವಳ ಕೊರಳಿನ ಟೇಪಿನ ತುದಿ ಹಿಡಿದುಕೊಂಡು, ಪದ ಒಂದೊಂದನ್ನೇ ಎತ್ತಿ ಇಳಿಸುವ ಹಾಗೆ ಹೇಳಿದರು: “ಒಳ್ಳೆ… ಕೆಲಸ.” ಟೇಪಕ್ಕ ಹೊದಿಕೆಯ ಅಂಚು ಸರಿಮಾಡುವ ನೆಪದಲ್ಲಿ ಅಲ್ಲೇ ಸ್ವಲ್ಪ ಹೊತ್ತು ಬಗ್ಗಿಕೊಂಡಿದ್ದಳು.

ಸುದ್ದಿ ಕಟ್ಟಡದಲ್ಲೆಲ್ಲ ಹರಡಿತು. ವಾರ ಕಳೆಯುವಷ್ಟರಲ್ಲಿ ಮೇಲಿನ ಮಹಡಿಯ ಟೀಚರಮ್ಮ ಬಂದರು. ಅವರ ಮನೆಗೂ ಒಂದು ಏಸಿ ಬಂದಿತ್ತಂತೆ, ಅದೇ ಅಳತೆಯ ಕಿಟಕಿಯಂತೆ. “ನಿಮ್ಮ ಮಾವನವರಿಗೆ ಮೆಟ್ಟಿಲು ಹತ್ತೋಕಾಗುತ್ತೋ ಇಲ್ವೋ, ನೀವಾದ್ರೂ ಬಂದು…”

ಮಾತು ಮುಗಿಯುವ ಮೊದಲೇ ಒಳಗಿನಿಂದ ಊರುಗೋಲಿನ ಸದ್ದು. ಮಾವ ಶರಟು ಹಾಕಿಕೊಂಡು, ಗುಂಡಿ ಒಂದು ಮೇಲೊಂದು ಕೆಳಗಾಗಿ, ಬಾಗಿಲಿಗೆ ಬಂದು ನಿಂತಿದ್ದರು. ಟೇಪಕ್ಕ ಗುಂಡಿ ಸರಿಮಾಡಿ, ಒಂದು ಮೆಟ್ಟಿಲು ಕೆಳಗೆ ನಿಂತು, ಬೇಕಾದರೆ ಹಿಡಿಯಲು ಕೈ ಸಿದ್ಧವಿಟ್ಟುಕೊಂಡಳು. ಬೇಕಾಗಲಿಲ್ಲ. ಹದಿನೆಂಟು ಮೆಟ್ಟಿಲು, ನಡುವೆ ಎರಡೇ ಸಲ ನಿಂತು, ಮಾವ ಹತ್ತಿಯೇ ಬಿಟ್ಟರು.

“ಹೋಗೋರು ಬಾಗಿಲು ಹಾಕ್ಕೊಂಡು ಹೋಗಬಾರದಾ!” ಎಂದು ಕೆಳಗಿನಿಂದ ಅತ್ತೆಯ ಕೂಗು ಬಂತು. “ತಣ್ಣಗಿರೋದೆಲ್ಲ ಹೊರಗೆ ಹೋಗ್ತಿದೆ!”