ಒಳಗಿನ ಖೋಲಿಯ ಜಡ್ಡಿನಾಕಿ

ನಮ್ಮ ಬ್ಯಾಡಗಿಯಲ್ಲಿ ಜ್ವರ ಬಂದರೂ ಜಡ್ಡು, ನೆಗಡಿಯಾದರೂ ಜಡ್ಡು. ನಾಲ್ಕು ದಿನಕ್ಕೆ ಬಿಟ್ಟು ಹೋಗುತ್ತದೆ. ಆದರೆ ಒಬ್ಬಳಿಗೆ ‘ಜಡ್ಡಿನಾಕಿ’ ಎಂದರೆ ಮುಗಿಯಿತು, ಇನ್ನು ಅದು ಅವಳನ್ನು ಬಿಡುವುದಿಲ್ಲ ಎಂದರ್ಥ. ನಾಲ್ಕು ಜನರ ನಡುವೆ ರೊಟ್ಟಿ ಬಡಿಯಲೂ ಅವಳನ್ನು ಕೂಡಿಸುವುದಿಲ್ಲ. ನನ್ನ ಸೊಸೆ ನಾಗರತ್ನಾಳಿಗೆ ಆ ಹೆಸರಿಟ್ಟವಳು ನಾನೇ. ಸುಳ್ಳು ಯಾಕೆ ಹೇಳಲಿ.

ಒಂದು ಮೆಣಸಿನಕಾಯಿ ಸುಗ್ಗಿಯಲ್ಲಿ ಹತ್ತಿದ ಅವಳ ಕೆಮ್ಮು ಮರುಸುಗ್ಗಿಗೂ ಹೋಗಲಿಲ್ಲ. ಕ್ಷಯವೇ ಇದ್ದೀತೆಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಮೂರು ವರ್ಷದ ಮೊಮ್ಮಗಳು ಭುವನಾಳನ್ನು ನನ್ನ ಮಗ್ಗುಲಿಗೆ ಹಾಕಿಕೊಂಡು, ಸೊಸೆಗೆ ಒಳಗಿನ ಖೋಲಿ ತೋರಿಸಿದೆ. ಮಗು ಬಾಗಿಲಲ್ಲಿ ನಿಂತು ಅವ್ವಾ ಎಂದರೂ ಗದರಿಸಿ ಎಳೆದುಕೊಂಡು ಬರುತ್ತಿದ್ದೆ. ನಾಗರತ್ನಾ ಎದುರಾಡುತ್ತಿರಲಿಲ್ಲ, ಅದಕ್ಕೂ ನನಗೆ ಸಿಟ್ಟು.

ಈ ವರ್ಷ ಅವಳು ತೀರಾ ಸೊರಗಿದಳು. ಮಗ ದುರ್ಗೇಶ ಅವಳನ್ನು ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಫ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿದರು. ಕ್ಷಯವೆಂದು ಬಂದರೆ ಮಗುವನ್ನು ಮೇಡ್ಲೇರಿಯ ನನ್ನ ಮಗಳ ಮನೆಗೆ ಕಳಿಸುತ್ತೇನೆಂದು ಎಲ್ಲರೆದುರೇ ಹೇಳಿದ್ದೆ. ರಿಪೋರ್ಟ್ ಕೇಳಲು ಹೋಗುವ ದಿನ ನಾನೂ ಬಸ್ಸು ಹತ್ತಿದೆ.

ಡಾಕ್ಟರು ಕಾಗದ ನೋಡಿ, “ಟಿ.ಬಿ. ಇಲ್ರಿ. ನೀವು ಮಲಗೂದು ಎಲ್ಲಿ?” ಎಂದು ಸೊಸೆಯನ್ನು ಕೇಳಿದರು.

“ಒಳಗಿನ ಖೋಲ್ಯಾಗ್ರಿ. ಮೆಣಸಿನಕಾಯಿ ಚೀಲ ಇಟ್ಟೇವಲ್ರಿ, ಅಲ್ಲೇ.”

“ಎಷ್ಟು ಚೀಲ ಅದಾವು?”

“ನಲವತ್ತಿರಬೇಕ್ರಿ,” ಎಂದ ದುರ್ಗೇಶ. “ರೇಟ್ ಬರೂತನಕ ಮನ್ಯಾಗ ಇಡತೇವ್ರಿ. ಭಾಳ ಘಾಟ ಐತ್ರಿ, ಅಲ್ಲಿ ಈಕಿನ್ನ ಬಿಟ್ರ ಯಾರೂ ಮಲಗೂದಿಲ್ಲ.”



ಡಾಕ್ಟರು ಪೆನ್ನು ಕೆಳಗಿಟ್ಟರು. “ಘಾಟಂತ ಎಲ್ಲಾರೂ ಹೊರಗ ಬಂದು ಇವರನ್ನ ಒಳಗ ಹಾಕೀರಿ. ಇವರಿಗೆ ಆ ಧೂಳು ಆಗಿಬರೂದಿಲ್ಲ. ಖೋಲಿ ಬದಲಿ ಮಾಡ್ರಿ, ಔಷಧ ಕೊಡ್ತೀನಿ. ಆರಾಮ ಆಗ್ತಾರ.”

“ಮತ್ತ ಕೂಸಿಂದೇನ್ರಿ?” ಎಂದೆ.

“ಕೂಸಿಗೇನ್ರಿ? ಅವ್ವನ ಹತ್ರ ಇರ್ಲಿ.”

ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಯಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು. ಊರು ಮುಟ್ಟುವವರೆಗೆ ಸೊಸೆಯ ಮುಖ ನೋಡಲಾಗಲಿಲ್ಲ.

ಮನೆಗೆ ಬಂದವಳೇ ಅವಳ ಹಾಸಿಗೆ ಸುತ್ತಿ ತಂದು ಪಡಸಾಲೆಯಲ್ಲಿ ಹಾಸಿದೆ. ಪಕ್ಕದ ಮೈಮುನಾಬಿಯ ಹತ್ತಿರ ಬಿಟ್ಟಿದ್ದ ಭುವನಾಳನ್ನು ಎತ್ತಿಕೊಂಡು ಬಂದು ಅವ್ವನ ಎದುರು ಇಳಿಸಿದೆ. ಮಗು ಅಲ್ಲಿಂದ ಕದಲಲಿಲ್ಲ. ನನ್ನ ಸೆರಗು ಹಿಡಿದು ಮುಖ ನೋಡುತ್ತ, “ಆಯಿ, ಹೋಗ್ಲೇನು?” ಎಂದು ಕೇಳಿತು.



“ಬಾ,” ಎಂದು ನಾಗರತ್ನಾಳೇ ಕೈ ಚಾಚಿದಳು. “ಇನ್ನ ಆಯಿ ಬೈಯೂದಿಲ್ಲ.”

ಆಮೇಲೆ ಓಡಿತು.